ಹಳೆಯ ಅರ್ಥ ಮೊದಲು

ಆ ಕಟ್ಟಡದ ಮೇಲಿನ ಮಹಡಿಯಲ್ಲಿ ಇಂಗ್ಲಿಷ್ ಪದಗಳಿಗೆ ಅರ್ಥ ಬರೆಯುತ್ತಿದ್ದರು. ಕೆಳಗಡೆ ಅವೇ ಪದಗಳನ್ನು ಹೊಲಿದು, ಅಂಟು ಹಚ್ಚಿ, ಅಂಚು ಕತ್ತರಿಸಿ ನಿಘಂಟು ಮಾಡುತ್ತಿದ್ದರು. ಅಕ್ಕ ಮೇಲೆ, ತಮ್ಮ ಕೆಳಗೆ. ಬೆಳಿಗ್ಗೆ ಒಂದೇ ಗೇಟಿನಲ್ಲಿ ಬಂದರೂ ಮೆಟ್ಟಿಲ ಬುಡದಲ್ಲಿ ಇಬ್ಬರ ದಾರಿ ಬೇರೆಯಾಗುತ್ತಿತ್ತು.

ಅಕ್ಕನ ಕೆಲಸಕ್ಕಿದ್ದದ್ದು ಒಂದೇ ಕಟ್ಟುಪಾಡು: ಹಳೆಯ ಅರ್ಥ ಮೊದಲು. ಪದ ಹುಟ್ಟಿದಾಗ ಏನಾಗಿತ್ತು, ಆಮೇಲೆ ಯಾರ ಬಾಯಲ್ಲಿ ಏನಾಯಿತು, ಕಟ್ಟಕಡೆಗೆ ಇವತ್ತಿನದು. ‘ಸಿಲ್ಲಿ’ ಒಂದು ಕಾಲಕ್ಕೆ ಪುಣ್ಯವಂತ. ಬರಬರುತ್ತಾ ‘ಅಯ್ಯೋ ಪಾಪ’ ಎನಿಸಿಕೊಂಡು ಈಗ ಪೆದ್ದನಾಗಿದ್ದಾನೆ. ‘ನೈಸ್’ ತಿರುಗುಮುರುಗು, ಮೊದಲು ದಡ್ಡನಾಗಿದ್ದವನು ಈಗ ಬಲು ಒಳ್ಳೆಯವನು. ‘ವಿಲನ್’ ಅಂದರೆ ಮೊದಲು ಧಣಿಯ ಹೊಲದಲ್ಲಿ ದುಡಿಯುವ ಆಳು. ಈಗ ಒರಟನಾಗಿರುವ ‘ಬೂರ್’ ಅಂದರೆ ಬರೀ ರೈತ. ‘ವಲ್ಗರ್’ ಅಂದರೆ ಸಾಮಾನ್ಯ ಜನರದ್ದು. ಇವರೆಲ್ಲ ಯಾವ ತಪ್ಪು ಮಾಡಿ ಬೈಗುಳವಾದರು? ದುಡಿದರು, ಆದರೆ ಬರೆಯಲಿಲ್ಲ. ಬರೆದವರು ದುಡಿಯಲಿಲ್ಲ. ದುಡಿಯುವವನ ಹೆಸರೇ ಬೈಗುಳವಾಗುವ ಈ ಕಥೆಯನ್ನು ಚೀಟಿ ಚೀಟಿಯಾಗಿ ಜೋಡಿಸಿ ಅಕ್ಕನ ಕಣ್ಣು ಮಂಜಾಗಿತ್ತು. ಕೋಪವೂ ಹಳೆಯ ಚಪ್ಪಲಿಯ ಹಾಗೆ ಸವೆದಿತ್ತು.

ಕೆಲಸದ ಚಟ ಮನೆಗೂ ಅಂಟಿತ್ತು. ಬೆನ್ನುನೋವು ಯಾವಾಗಿನಿಂದ ಎಂದು ಡಾಕ್ಟರು ಕೇಳಿದರೆ ಅಜ್ಜಿಯ ಬೆನ್ನಿನಿಂದ ಶುರು ಮಾಡುತ್ತಿದ್ದಳು. “ಉಪ್ಪೆಲ್ಲಿ ಅಂತ ಕೇಳಿದ್ರೆ ಸಮುದ್ರದಿಂದ ಹೊರಡ್ತಾಳೆ ನಮ್ಮಕ್ಕ,” ಎಂದು ತಮ್ಮ ಛೇಡಿಸುತ್ತಿದ್ದ.

ಆ ತಮ್ಮನ ನೌಕರಿಯೇ ಈಗ ತೂಗುಯ್ಯಾಲೆಯಲ್ಲಿತ್ತು. ಅಂಚು ಕತ್ತರಿಸುವ ಮಿಷಿನ್ನಿಗೆ ಹಾಳೆ ಒಡ್ಡುತ್ತಿದ್ದ ಹೆಂಗಸಿನ ಎರಡು ಬೆರಳ ತುದಿ ಹಾರಿಹೋಗಿತ್ತು. ಅವಳನ್ನು ಆಸ್ಪತ್ರೆಗೆ ಸಾಗಿಸಿ, ಹಾಳೆಯ ಮೇಲಿನ ರಕ್ತ ಇನ್ನೂ ಆರದಿರುವಾಗಲೇ ಸೂಪರ್‌ವೈಸರ್ ಮಿಷಿನ್ ಚಾಲೂ ಮಾಡಲು ಬಂದ. ತಮ್ಮ ಅಡ್ಡ ನಿಂತ. ಆತ ಸ್ವಿಚ್ಚಿಗೆ ಕೈ ಚಾಚಿದ. ಇವನು ತಳ್ಳಿದ. ಅದಕ್ಕೆ ವಿಚಾರಣೆ. ಆರೋಪಿಯ ಪರವಾಗಿ ಕೆಲಸಗಾರರಲ್ಲಿ ಒಬ್ಬರು ಮಾತಾಡಬಹುದಿತ್ತು. ಕೆಳಗಿನವರಿಗೆಲ್ಲ ಅವತ್ತು ಗಂಟಲು ಕೆಟ್ಟಿತ್ತು. ಉಳಿದವಳು ಅಕ್ಕ.

“ಸೀದಾ ವಿಷಯಕ್ಕೆ ಬಾ ಅಕ್ಕ,” ಎಂದ ತಮ್ಮ, ವಿಚಾರಣೆಯ ಕೋಣೆಯ ಹೊರಗೆ. “ಬೆರಳು ಹೋಯ್ತು, ಸೂಪರ್‌ವೈಸರ್ ಮತ್ತೆ ಓಡಿಸೋಕೆ ಬಂದ, ನನ್ನ ತಮ್ಮ ತಡೆದ ಅನ್ನು. ಮುಗೀತು.”

“ಗೊತ್ತು ಕಣೋ. ನಾನೇನು ಎಳೆ ಮಗೂನಾ?”

“ಎಳೆ ಮಗು ಆಗಿದ್ರೆ ಭಯ ಇರ್ಲಿಲ್ಲ. ನಿಘಂಟಿನವಳು ನೋಡು.”

ಒಳಗೆ ವಿಚಾರಣೆಯ ಅಧಿಕಾರಿ ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟರು. ಪಕ್ಕದಲ್ಲಿ ಸೂಪರ್‌ವೈಸರ್, ಮೂಲೆಯಲ್ಲಿ ಟೈಪು ಮಾಡುವ ಗುಮಾಸ್ತ.

“ಹೇಳಿ ಮೇಡಂ. ಬೇಗ.”

ಅಕ್ಕ ಬಾಯಿ ತೆರೆದಳು. “ಸರ್, ಆ ಮಿಷಿನ್ ಮೊದಲು ಈ ಕಟ್ಟಡಕ್ಕೆ ಬಂದಾಗ…”

ತಮ್ಮ ಕಣ್ಣು ಮುಚ್ಚಿಕೊಂಡ.

ಅವಳಿಗೂ ಗೊತ್ತಾಯಿತು, ಆದರೆ ನಿಲ್ಲಿಸಲಾಗಲಿಲ್ಲ. ಬೇರೆಲ್ಲೋ ಓಡಿ ಸುಸ್ತಾದ ಮಿಷಿನ್ನನ್ನು ಕೊಂಡು ತಂದದ್ದು, ಬ್ಲೇಡಿನ ಮುಂದೆ ಆಗ ಕಬ್ಬಿಣದ ಜಾಲರಿ ಇದ್ದದ್ದು, ಅದರ ಕೀಲು ಮುರಿದದ್ದು, ತಂತಿ ಬಿಗಿದದ್ದು, ತಂತಿ ಬಿಗಿದರೆ ಕೆಲಸ ನಿಧಾನವೆಂದು ಯಾರೋ ಗೊಣಗಿದ್ದು. ಒಂದೊಂದೂ ಅದರದರ ಸರದಿಯಲ್ಲಿ ಬಂತು.

“ಮೇಡಂ, ನಿಮ್ಮ ತಮ್ಮ ಇನ್ನೂ ಕಥೆಗೇ ಬಂದಿಲ್ಲ,” ಎಂದರು ಅಧಿಕಾರಿ.

“ಬರ್ತಾನೆ ಸರ್. ತಂತಿ ಯಾರು ಬಿಚ್ಚಿಸಿದ್ರು ಅನ್ನೋದಕ್ಕಿಂತ ಮುಂಚೆ ಅವನು ಬಂದ್ರೆ ವಿಲನ್ ಆಗಿಬಿಡ್ತಾನೆ.”

“ಆಗೋದೇನು ಬಂತು? ವಿಲನ್ನೇ ಅವನು!” ಸೂಪರ್‌ವೈಸರ್ ಕುರ್ಚಿಯಿಂದ ಅರ್ಧ ಎದ್ದ.

“ಮೇಡಂ, ಇದು ನಿಘಂಟಲ್ಲ. ತಳ್ಳಿದನೋ ಇಲ್ವೋ? ಒಂದೇ ಮಾತಲ್ಲಿ ಹೇಳಿ,” ಎಂದರು ಅಧಿಕಾರಿ.

ಸುಳ್ಳು ಅವಳ ನಾಲಿಗೆಗೆ ರೂಢಿಯಿರಲಿಲ್ಲ. “ತಳ್ಳಿದ. ಆದ್ರೆ ಸರ್…”

ಗಡಿಯಾರ ಮೇಜಿನಿಂದೆದ್ದು ಮಣಿಕಟ್ಟಿಗೆ ಹೋಗಿತ್ತು. ಗುಮಾಸ್ತ ಟಕಟಕ ಬಡಿದು ಹಾಳೆ ತೆಗೆದು ಓದಿದ: “ತಳ್ಳಿದ್ದು ನಿಜವೆಂದು ಆರೋಪಿಯ ಅಕ್ಕನೇ ಒಪ್ಪಿಕೊಂಡಿರುತ್ತಾರೆ. ಇಲ್ಲಿ ಸಹಿ ಮಾಡಿ ಮೇಡಂ.”

ಜಾಲರಿ ಇಲ್ಲ, ತಂತಿ ಇಲ್ಲ, ಬೆರಳೂ ಇಲ್ಲ. ಹೊಲದ ಆಳು ಹೇಗೆ ಕೇಡಿಗನಾದನೆಂದು ಅವಳು ಇಷ್ಟು ವರ್ಷ ಚೀಟಿಗಳಲ್ಲಿ ಹುಡುಕಿದ್ದಳು. ಆದದ್ದು ಇಷ್ಟು ಸುಲಭವಾಗಿ: ಒಂದು ಕೋಣೆ, ಅವಸರದಲ್ಲಿರುವ ಒಬ್ಬ ದೊಡ್ಡ ಮನುಷ್ಯ, ಕೊನೆಯ ಸಾಲನ್ನಷ್ಟೇ ಬರೆದುಕೊಳ್ಳುವ ಒಬ್ಬ ಗುಮಾಸ್ತ. ಈ ಸಲ ಆ ಸಾಲು ಅವಳ ಬಾಯಿಂದಲೇ ಬಂದಿತ್ತು.

“ನಾನು ಹೇಳಿದ್ದು ಇಷ್ಟೇ ಅಲ್ಲ,” ಎಂದಳು.

“ಹೇಳಿದ್ರಲ್ಲ, ತಳ್ಳಿದ ಅಂತ?” ಎಂದರು ಅಧಿಕಾರಿ.

“ಅದು ಕೊನೇದು. ಅದಕ್ಕಿಂತ ಮುಂಚೆ ಹೇಳಿದ್ದನ್ನೂ ಬರೀರಿ, ಸಹಿ ಮಾಡ್ತೀನಿ.”

“ಹೊತ್ತಾಯ್ತು ಮೇಡಂ.”

“ಹಾಗಾದ್ರೆ ಮಾಡಲ್ಲ.”

ಗುಮಾಸ್ತ ಅಧಿಕಾರಿಯ ಕಡೆ ಬಾಗಿದ. “ಸಹಿ ಇಲ್ದೆ ಕಾಗದ ಮೇಲಕ್ಕೆ ಹೋಗಲ್ಲ ಸರ್.” ಪಿಸುಮಾತಾದರೂ ಎಲ್ಲರಿಗೂ ಕೇಳಿಸಿತು.

“ನಿಮ್ಮ ಕೆಲಸಕ್ಕೂ ಕುತ್ತು ತಂದ್ಕೋತಿದೀರ,” ಎಂದರು ಅಧಿಕಾರಿ, ಫೈಲು ಎತ್ತಿಕೊಂಡು ನಿಲ್ಲುತ್ತಾ.

ತಮ್ಮ ಬಂದು ಅವಳ ಭುಜ ಮುಟ್ಟಿದ. “ಅಕ್ಕ, ಹಾಕಿಬಿಡು. ನಿನ್ನದಾದ್ರೂ ಉಳೀಲಿ. ಎದ್ದೇಳು.”

“ಎದ್ದೇಳೋಕೆ ಆಗಲ್ಲ ಕಣೋ. ಸುಸ್ತಾಗಿದೆ.”

ಅದು ಹಟದ ಮಾತಲ್ಲ. ಕಾಲು ನಿಜಕ್ಕೂ ಸೋತಿತ್ತು, ಬೆನ್ನು ಕುರ್ಚಿಗೆ ಅಂಟಿತ್ತು. ಆದರೆ ಕೂತಷ್ಟು ಹೊತ್ತೂ ಕಾಗದ ಅಲ್ಲೇ ಮೇಜಿನ ಮೇಲೆ ಬಿದ್ದಿತ್ತು, ತಮ್ಮ ಇನ್ನೂ ಕೆಲಸದಲ್ಲಿದ್ದ. ದಣಿವು ಉಪಯೋಗಕ್ಕೆ ಬಂದದ್ದು ಅವಳ ಜನ್ಮದಲ್ಲಿ ಅದೇ ಮೊದಲು.

ಸೂಪರ್‌ವೈಸರ್ ಯಾರನ್ನೋ ಕರೆಯಲು ಹೊರಗೆ ಓಡಿದ. ಅಧಿಕಾರಿ ಬಾಗಿಲವರೆಗೆ ಹೋದರು, ಸಹಿಯಿಲ್ಲದ ಹಾಳೆ ನೆನಪಾಗಿ ಹಿಂದಿರುಗಿದರು. ಅವರ ಕುರ್ಚಿಯನ್ನು ಅಕ್ಕನ ಪಕ್ಕಕ್ಕೆ ಎಳೆದುಕೊಂಡು ತಮ್ಮ ಆಗಲೇ ಕೂತುಬಿಟ್ಟಿದ್ದ. ಅವರು ನಿಂತೇ ಇದ್ದರು.