ಬೆಸುಗೆ ಹಾಕಿದ ತಪ್ಪಲೆ

ಕಡಲೆಕಾಯಿ ಸಿಪ್ಪೆ ಹಾರಿ ಎದುರಿನ ಮುದುಕನ ಪಂಚೆಯ ಮೇಲೆ ಬಿತ್ತು, ಬೀಳಲಿ, ಮಾತಿಗೆ ಅದೊಂದು ನೆಪ, ತಪ್ಪಾಯ್ತು ಯಜಮಾನ್ರೇ ಅಂದೆ, ಅಯ್ಯೋ ಅದ್ಕೇನಂತೆ ಬುಡಿ ಸಾಬ್ರೆ ಅಂದ, ನನಗೆ ಅಷ್ಟು ಸಾಕು, ಅರಸೀಕೆರೆಯಿಂದ ಬೆಳಗಾಗುವವರೆಗೆ ಬಾಯಿಗೆ ಬೀಗ ಹಾಕಿಕೊಂಡು ಕೂರುವ ಆಸಾಮಿ ನಾನಲ್ಲ — ದೀಪದ ಕಂಬ ಸಿಕ್ಕಿದ್ರೂ ಯಾವೂರು ಅಂತ ಕೇಳೋ ಮನುಷ್ಯ ನೀವು ಅಂತ ನನ್ನ ಹೆಂಡತಿ ಜೀನತುನ್ನೀಸಾ ಮದುವೆಯಾದ ವರ್ಷದಿಂದ ಬೈಯುತ್ತಲೇ ಇದ್ದಾಳೆ, ಸುಳ್ಳಲ್ಲ, ಆದರೆ ದೀಪದ ಕಂಬ ತಿರುಗಿ ಮಾತಾಡುವುದಿಲ್ಲ, ರೈಲಿನ ಮೂರನೇ ಕ್ಲಾಸಿನ ಜನ ಮಾತಾಡುತ್ತಾರೆ, ಹಾಸನ ಬರುವಷ್ಟರಲ್ಲಿ ಅವರ ಮನೆಯ ಎಮ್ಮೆ ಎಷ್ಟು ಹಾಲು ಕೊಡುತ್ತದೆ ಅನ್ನುವುದೂ ನನಗೆ ಗೊತ್ತಾಗಿರುತ್ತದೆ, ಇಳಿದ ಮೇಲೆ ಅವರು ಯಾರೋ ನಾನು ಯಾರೋ, ಸೊಗಸೆಲ್ಲ ಅಲ್ಲೇ ಇರುವುದು. ಮುದುಕನ ಹೆಸರು ದಾಸಯ್ಯ, ಗಾವಡಗೆರೆಯ ಪಕ್ಕದ ಹಳ್ಳಿ, ಕಿಟಕಿಯ ಪಕ್ಕ ಮುದುಡಿ ಕುಳಿತವಳು ಮಗಳು ಭದ್ರಮ್ಮ, ನಾನು ಗೌಸ್, ಹುಣಸೂರು ಅಂದೆ, ಓ ನಮ್ ತಾಲ್ಲೂಕೇ ಅಂದ, ಕಸುಬು ಮಾತ್ರ ಹೇಳಲಿಲ್ಲ, ಕಲಾಯಿಯವನು ಅಂದರೆ ಮುಗಿಯಿತು, ನಮ್ಮೂರಿಗೂ ಬನ್ನಿ, ಕಲಾಯಿ ಹೋಗಿ ಹಿತ್ತಾಳೆ ಕಾಣ್ತಾ ಐತೆ ಅನ್ನುತ್ತಾರೆ, ಬಂದು ಏನನ್ನು ಹಚ್ಚಲಿ, ಸಿಂಗಾಪುರ ಜಪಾನಿನವರ ಕೈಸೇರಿದಾಗಿನಿಂದ ಕಲಾಯಿಗೆ ಬೇಕಾದ ತವರ ಅನ್ನುವುದು ಕಣ್ಣಿಗೂ ಬಿದ್ದಿಲ್ಲ, ಬೀರೂರಿನಲ್ಲಿ ಒಬ್ಬ ವ್ಯಾಪಾರಿಯ ಹತ್ತಿರ ಇದೆಯಂತೆ ಅಂತ ಯಾರೋ ಹೇಳಿದ್ದನ್ನು ನಂಬಿ ಅಲ್ಲಿವರೆಗೆ ಹೋಗಿ, ಖಾಲಿ ಚೀಲಕ್ಕೆ ಕಡಲೆಕಾಯಿ ತುಂಬಿಕೊಂಡು ಬರುತ್ತಿದ್ದೇನೆ.

ನೀರ್ ಕೊಡವ್ವ ಅಂದ ದಾಸಯ್ಯ, ಅವಳು ಚೊಂಬು ಎತ್ತಿ ಹಲಗೆಯ ಮೇಲಿಟ್ಟಳು, ಇಟ್ಟು ಕೈಯನ್ನು ಸರಕ್ಕನೆ ಹಿಂದಕ್ಕೆ ಎಳೆದುಕೊಂಡಳು, ಆಮೇಲೆ ಅಪ್ಪ ಎತ್ತಿಕೊಂಡ, ಗಾಡಿ ಇಷ್ಟು ಕುಲುಕುತ್ತಿದೆ, ಉರುಳಿದ್ದರೆ, ಕೈಗೇ ಕೊಡಬಾರದೆ ತಾಯಿ — ನನಗೇಕೆ ಈ ಉಸಾಬರಿ, ಆದರೆ ರೊಟ್ಟಿಯ ಗಂಟು ಬಿಚ್ಚುವಾಗಲೂ ಹಾಗೇ ಆಯಿತು, ಅವಳು ಮುಟ್ಟಲಿಲ್ಲ, ಅಪ್ಪನೇ ಬಿಚ್ಚಿ ಅಪ್ಪನೇ ಅವಳ ಮಡಿಲಿಗೆ ಒಂದು ರೊಟ್ಟಿ ಹಾಕಿದ, ಕಡಲೆಕಾಯಿ ತಗೊಳ್ಳಿ ತಾಯಿ ಅಂದರೆ ತಲೆಯಾಡಿಸಿ ಕೈಯೆರಡನ್ನೂ ಸೆರಗಿನೊಳಗೆ ಅಡಗಿಸಿಕೊಂಡಳು. ಮಗಳಿಗೆ ಮೈ ಹುಷಾರಿಲ್ವಾ ಯಜಮಾನ್ರೇ ಅಂತ ಕೇಳಿಯೇಬಿಟ್ಟೆ, ಮುದುಕ ನಿಮ್ಮತ್ರ ಏಳದ್ರೆ ಏನಂತೆ ನೀವೇನ್ ನಮ್ಮೂರ್ನೋರಾ ಅಂತ ಶುರು ಮಾಡಿದ, ಇವಳ್ನ ಒಸ ಅಗ್ರಾರಕ್ಕೆ ಕೊಟ್ಟಿದ್ದೆ ಕಣ್ ಸಾಬ್ರೆ, ಅತ್ತೆ ಸೋಮಮ್ಮ ಗಟ್ಟಿ ಮುದ್ಕಿ, ಓದ ಯುಗಾದಿ ಆದ್ ಮೂರ್ನೇ ದಿಸ ಇವಳು ಉಣ್ಸೆಣ್ಣಿನ ಉಳಿ ಮಾಡವ್ಳೆ, ರಾತ್ರಿ ಎಲ್ರೂ ಉಂಡ್ರು, ಮಿಕ್ಕಿದ್ದು ಚೆಲ್ಲಕ್ಕೆ ಮನಸ್ ಬರ್ದೆ ಅತ್ತೆ ಒಬ್ಳೇ ಬೆಳಿಗ್ಗೇನೂ ಉಂಡ್ಳು, ಒಟ್ಟೆ ಇಡ್ಕೊಂಡು ಎರಡ್ ದಿಸ ಒದ್ದಾಡಿ ಓಗ್ಬುಟ್ಳು, ಸೊಸೆ ಮದ್ದು ಆಕವ್ಳೆ ಅಂದ್ರು. ಅನ್ನದಲ್ಲಿ ಮದ್ದು ಬೆರೆಸಿ ಕೊಂದಳು — ಈ ಸೀಮೆಯಲ್ಲಿ ಆ ಮಾತೊಂದು ಬಿದ್ದರೆ ಮುಗಿಯಿತು, ಆ ಹೆಂಗಸಿನ ಕೈಯ ನೀರನ್ನೂ ಯಾರೂ ಮುಟ್ಟುವುದಿಲ್ಲ, ಗಂಡ ಅಂದೇ ತವರಿಗೆ ಅಟ್ಟಿದನಂತೆ, ಏಳು ತಿಂಗಳಾಯಿತಂತೆ, ಇವಳ ಮೂರು ವರ್ಷದ ಮಗಳಿಗೆ ಮುದುಕನ ಹೆಂಡತಿ ತಿಮ್ಮಮ್ಮನೇ ಉಣಿಸುತ್ತಾಳಂತೆ, ನಮ್ಮನೇಲಿ ಯಾರೂ ಬ್ಯಾಡ ಅಂದಿಲ್ಲ ಕಣಪ್ಪಾ, ಇವಳೇ ಯಾರ್ಗೂ ಕೈಯಾರೆ ಏನೂ ಕೊಡಾಕಿಲ್ಲ. ಪಾಪ, ರೋಷ ಇರಬೇಕು, ನನಗೆ ಕನಿಕರವೂ ಬಂತು, ಜೊತೆಗೆ ಕಸುಬಿನ ಜಂಬವೂ ಬಂತು, ಪಾತ್ರೆಗೆ ಕಿಲುಬು ಹಿಡಿದಿತ್ತೇನೋ ಯಜಮಾನ್ರೇ, ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಹುಳಿ ಇಟ್ಟರೆ ವಿಷವೇ ಅಂದೆ, ದೊಡ್ಡ ಪಂಡಿತನ ಹಾಗೆ. ಅದ್ನೂ ನೋಡಿದ್ರು ಸಾಬ್ರೆ, ಕಿಲುಬು ಎಲ್ಲಿಂದ ಬಂದಾತು, ಅಬ್ಬಕ್ಕೆ ಅಂತ ಎಂಟ್ ದಿಸ ಮುಂಚೆ ಕಲಾಯಿ ಆಕ್ಸಿದ್ ತಪ್ಪಲೆ, ಕನ್ನಡಿ ಇದ್ದಂಗಿತ್ತು, ಪಾತ್ರೆ ಚೊಕ್ಕವಾಗೈತೆ ಅಂದ್ಮೇಲೆ ಕೆಟ್ಟಿರಾದು ಕೈಯೇ ಅಂದ್ಬುಟ್ರು.

ಕನ್ನಡಿ ಇದ್ದಂಗಿತ್ತು — ಕಡಲೆಕಾಯಿ ಬಾಯಲ್ಲೇ ಉಳಿಯಿತು, ಹೊಸ ಅಗ್ರಹಾರ, ಯುಗಾದಿಗೆ ಎಂಟು ದಿನ ಮುಂಚೆ, ಅರಳಿಮರದ ಕೆಳಗೆ ಗುಂಡಿ ತೋಡಿ ತಿದಿ ಹೂಡಿ ಕುಳಿತಿದ್ದವನು ನಾನು, ಅಲ್ಲ, ಇರಲಾರದು, ಪಿರಿಯಾಪಟ್ಟಣದ ಜಾನ್ ಪಾಷಾ ಕೂಡ ಆ ಕಡೆ ತಿರುಗುತ್ತಾನೆ, ಅವನಿರಬೇಕು, ಅವನೇ, ಯಾ ಅಲ್ಲಾ ಅವನೇ ಆಗಿರಲಿ — ಇದೆಂಥ ದುವಾ, ನಾಚಿಕೆಯಾಗಬೇಕು. ಒಬ್ಬಳು ಮುದುಕಿ ಬಂದಿದ್ದಳು, ಕಂಠದ ಹತ್ತಿರ ಬೆಸುಗೆ ಹಾಕಿದ ತಪ್ಪಲೆ, ನನ್ ಮದ್ವೇಲಿ ಅಪ್ಪ ಕೊಟ್ಟದ್ದು ಜ್ವಾಪಾನ ಅಂದಳು, ಕಾಯಿಸಿದೆ, ನವಸಾಗರ ಎರಚಿದೆ, ಬಿಳೀ ಹೊಗೆ ಎದ್ದಿತು, ಕಲಾಯಿಯ ಕಡ್ಡಿ ಎಳೆದು ಹತ್ತಿಯಲ್ಲಿ ಒರೆಸಿದೆ, ಒಂದೇ ಸುತ್ತಿನಲ್ಲಿ ಥಳಥಳ, ತವರದ ಕಡ್ಡಿಯಾದರೆ ಮಣಿಸಿದಾಗ ಕಿರ್ ಅನ್ನುತ್ತದೆ, ಆ ಕಡ್ಡಿ ಅನ್ನಲಿಲ್ಲ, ಹೇಗೆ ಅಂದೀತು, ಕೆಟ್ಟ ಮೋಟಾರಿನ ಬ್ಯಾಟರಿಯಿಂದ ತೆಗೆದ ಸೀಸ ಮೂರು ಪಾಲು, ಉಳಿದಿದ್ದ ತವರ ಒಂದು ಪಾಲು, ನಾನೇ ಕರಗಿಸಿದ್ದು, ಈ ಹಬ್ಬದ ದಿನಗಳನ್ನು ಹೀಗೆ ದೂಡಿದರೆ ಆಯಿತು ಅಂತ ಜೀನತ್‌ಗೂ ಹೇಳದೆ ಹಿತ್ತಲಿನಲ್ಲಿ ಕರಗಿಸಿದ್ದು, ಅನ್ನ ಬೇಯಿಸಿದರೆ ಏನಾಗುತ್ತದೆ, ಏನೂ ಆಗುವುದಿಲ್ಲ ಅಂದುಕೊಂಡೆ, ಹುಳಿ ಇಡಬೇಡವ್ವ ಅಂತ ಒಂದು ಮಾತು ಹೇಳಲಿಲ್ಲ, ಹೇಳಿದರೆ ಯಾಕೆ ಅನ್ನುತ್ತಿದ್ದಳು. ಅವಳು ತಪ್ಪಲೆಯೊಳಗೆ ಬಗ್ಗಿ ನೋಡಿಕೊಂಡಳು, ಬೊಚ್ಚುಬಾಯಿ ಬಿಟ್ಟು ನಕ್ಕಳು, ಏನ್ ಸಾಬ್ರೆ ನನ್ ಮಕ ಇಷ್ಟ್ ಚೆಂದಾಗೈತಾ ಅಂದಳು, ನಾನೂ ನಕ್ಕೆ, ಕಲಾಯಿ ಅಂದರೆ ಹುಣಸೂರು ಗೌಸ್‌ನ ಕಲಾಯಿ ಅಂದೆ, ಅದೇ ಬಾಯಲ್ಲಿ ಅಂದೆ. ಆ ಹಬ್ಬದ ಹೊತ್ತಿಗೆ ಇನ್ನೆಷ್ಟು ಪಾತ್ರೆ, ಗಾವಡಗೆರೆಯಲ್ಲಿ ಎಷ್ಟು, ಅದರಾಚೆ ಎಷ್ಟು, ಯಾವ ಮನೆಯಲ್ಲಿ ಯಾರು ಹುಳಿ ಇಟ್ಟುಕೊಂಡು ಉಂಡರು.

ಹೊಳೆನರಸೀಪುರ, ಯಾರೋ ಇಳಿದರು, ಯಾರೋ ಹತ್ತಿದರು, ಮುದುಕ ಮಾತಾಡುತ್ತಲೇ ಇದ್ದಾನೆ, ಕೇಳುವವರು ಸಿಕ್ಕಿದ್ದು ಅವನ ಪುಣ್ಯವಂತೆ, ಅಪ್ಪ ಮಗಳು ಹೋಗಿದ್ದದ್ದು ಇವಳು ಮದ್ದು ಹಾಕಿಲ್ಲ ಅಂತ ದೇವರ ಮುಂದೆ ಆಣೆ ಮಾಡಿಸಲಿಕ್ಕಂತೆ, ಆಣೆಯಾಯಿತಂತೆ, ನಾಳಿದ್ದು ಎಲ್ಲ ತೀರ್ಮಾನವಾಗುತ್ತದಂತೆ, ಆ ಊರ್ ಯಜಮಾನ್ರು ರುದ್ರಸ್ವಾಮಿಗೋಳು ಏಳವ್ರೆ ಸಾಬ್ರೆ, ಅದೇ ತಪ್ಪಲೆ, ಅದೇ ಉಳಿ, ನಾಳೆ ಇವಳೇ ಮಾಡ್ಬೇಕು, ರಾತ್ರಿಯೆಲ್ಲ ಮಡ್ಗಿ ಬೆಳಿಗ್ಗೆ ಎಲ್ರ ಮುಂದೂ ಇವಳೇ ಉಣ್ಬೇಕು, ಏನೂ ಆಗ್ಲಿಲ್ಲ ಅಂದ್ರೆ ಗಂಡ ಮನೆ ತುಂಬಿಸ್ಕೊತಾನೆ, ಏನೂ ಆಗಾಕಿಲ್ಲ ಬುಡಿ, ತಪ್ಪು ಮಾಡ್ದೋರ್ಗೆ ತಾನೆ ಭಯ. ಅದೇ ತಪ್ಪಲೆ. ಅದೇ ತಪ್ಪಲೆಯಲ್ಲಿ ರಾತ್ರಿಯೆಲ್ಲ. ಉಂಡು ಹೊಟ್ಟೆ ಹಿಡಿದುಕೊಂಡಳೋ, ನೋಡಿ ಅವಳ ಮದ್ದು ಅವಳನ್ನೇ ತಿಂತು ಅನ್ನುತ್ತಾರೆ, ಸತ್ತರೂ ತಪ್ಪು ಅವಳದೇ ಆಗುತ್ತದೆ — ಸುಮ್ಮನಿರು ಗೌಸ್, ಕೃಷ್ಣರಾಜನಗರ ಬರುತ್ತದೆ, ಇಳಿ, ಹುಣಸೂರಿನ ದಾರಿ ಹಿಡಿ, ನೀನು ಯಾರೆಂದು ಇವರಿಗೆ ಗೊತ್ತಿಲ್ಲ, ಕಸುಬು ಹೇಳಿಲ್ಲ, ನಿಜ ಹೊರಬಿದ್ದರೆ ಯಾವ ಊರಿನಲ್ಲಿ ನಿನ್ನ ತಿದಿ ಹೂಡಲು ಬಿಡುತ್ತಾರೆ, ಸಾಬಿ ವಿಷ ಬಳಿದ ಅಂದರೆ ನಮ್ಮ ಇಡೀ ಬೀದಿಯವರಿಗೆ ಕೆಲಸ ಇರುವುದಿಲ್ಲ, ಜೀನತ್‌ನ ಮುಖ ಹೇಗೆ ನೋಡುತ್ತೀ, ಸುಮ್ಮನಿರು, ಹುಟ್ಟಿದಾಗಿನಿಂದ ವಟಗುಟ್ಟಿದ್ದೀ, ಈ ಒಂದು ಗಂಟೆ ಸುಮ್ಮನಿರು. ಅವಳು ಚೊಂಬನ್ನು ಮತ್ತೆ ಹಲಗೆಯ ಮೇಲಿಟ್ಟಳು, ಕೈ ಎಳೆದುಕೊಂಡಳು, ಆ ಕೈ ಹಿಂದಕ್ಕೆ ಸರಿಯುವುದನ್ನು ನೋಡಿದೆ, ಕಂಠದ ಹತ್ತಿರ ಬೆಸುಗೆ ಹಾಕಿದ ತಪ್ಪಲೆಯಾ ಅಂತ ಯಾರೋ ಕೇಳಿದರು, ಕೇಳಿದ್ದು ನಾನೇ.

ದಾಸಯ್ಯನ ಬಾಯಿ ತೆರೆದೇ ಇದೆ, ನಿಮ್ಗೆಂಗೆ ಗೊತ್ತು, ಸಾಬ್ರೆ, ನಿಮ್ಗೆಂಗ್ ಗೊತ್ತು, ನೀವೆಲ್ಲಿ ನೋಡಿದ್ರಿ, ಹೇಳಿದೆ, ಎಲ್ಲ ಹೇಳಿದೆ, ಹೇಗೆ ಹೇಳಿದೆನೋ ನೆನಪಿಲ್ಲ, ಆ ಕಲಾಯಿ ನಾನು ಹಾಕಿದ್ದು, ಅದು ಕಲಾಯಿಯಲ್ಲ, ಸೀಸ, ಹುಳಿಗೆ ಬಿಟ್ಟುಕೊಂಡರೆ ವಿಷ, ನಿಮ್ಮ ಮಗಳು ಏನೂ ಹಾಕಿಲ್ಲ, ಹಾಕಿದವನು ನಾನು, ಆ ಅಜ್ಜಿಯನ್ನು ಕೊಂದವನು ನಾನು, ಆ ಹುಳಿ ಉಣ್ಣಬೇಡಿ, ಆ ತಪ್ಪಲೆ ಒಲೆಯ ಮೇಲೆ ಇಡಲೇಬೇಡಿ. ಮೇಲಿನ ಹಲಗೆಯಲ್ಲಿ ಮಲಗಿದ್ದವನು ಎದ್ದು ಕುಳಿತು ಬಗ್ಗಿ ನೋಡಿದ, ನೋಡಲಿ. ದಾಸಯ್ಯ ಎದ್ದು ನಿಂತ, ಹೊಡೆಯುತ್ತಾನೆ ಅಂದುಕೊಂಡೆ, ಹೊಡೆದರೆ ಚೆನ್ನಾಗಿರುತ್ತಿತ್ತು, ಇಷ್ಟೊತ್ತು ನನ್ನ ಕಡಲೆಕಾಯಿ ತಿಂದ ಕೈ ಅದು, ಹೊಡೆಯಲಿಲ್ಲ, ದೊಪ್ಪನೆ ಕುಳಿತ, ಏಳ್ ತಿಂಗ್ಳು ಸಾಬ್ರೆ ಅಂದ, ಏಳ್ ತಿಂಗ್ಳು ನನ್ ಮಗ್ಳು ಸತ್ತು ಸತ್ತು ಬದುಕವ್ಳೆ, ನೀವ್ ಬರ್ಬೇಕು, ಎಲ್ರ ಮುಂದೂ ನಿಂತ್ಕೊಂಡು ಏಳ್ಬೇಕು, ಬರುತ್ತೇನೆ ಅಂದೆ, ಓಡೋಗ್ಬುಡ್ತೀರಿ, ಇಲ್ಲ, ಈ ಚೀಲ ನೀವೇ ಇಟ್ಟುಕೊಳ್ಳಿ, ನನ್ನ ತೋಳು ಹಿಡಿದುಕೊಂಡೇ ಇಳಿಯಿರಿ, ಕಾಸ್ ಕೊಟ್ಟು ಏಳ್ಸವ್ರೆ ಅಂತಾರೆ, ಅನ್ನಲಿ, ಊರವರ ಎದುರಿಗೇ ತಪ್ಪಲೆ ಕಾಯಿಸಿ ನನ್ನ ಕಲಾಯಿ ನಾನೇ ಒರೆಸಿ ತೆಗೆಯುತ್ತೇನೆ, ಅಕ್ಕಸಾಲಿಗರನ್ನು ಕರೆಸಲಿ, ಸೀಸವೋ ತವರವೋ ಅವರು ಹೇಳುತ್ತಾರೆ, ಆಮೇಲೆ ನನ್ನನ್ನು ಏನು ಬೇಕಾದರೂ ಮಾಡಲಿ.

ಅವಳು ಕಿಟಕಿಯಿಂದ ತಿರುಗಿದ್ದಾಳೆ, ಇಡೀ ರಾತ್ರಿಯಲ್ಲಿ ಮೊದಲ ಸಲ ಮುಖ ಕಾಣುತ್ತಿದೆ, ಚಿಕ್ಕ ವಯಸ್ಸು, ನನ್ನ ಮಗಳು ರಜಿಯಾಗಿಂತ ಎರಡು ವರ್ಷ ದೊಡ್ಡವಳೇನೋ, ಬೈಯುತ್ತಾಳೆ, ಉಗಿಯುತ್ತಾಳೆ, ಶಾಪ ಹಾಕುತ್ತಾಳೆ, ಹಾಕು ತಾಯಿ, ತಲೆ ತಗ್ಗಿಸಿದೆ, ಅಂಗಾರೆ ಅಂದಳು, ಅಂಗಾರೆ ನನ್ ಕೈಲಿ ಏನೂ ಇಲ್ವಾ ಸಾಬಣ್ಣ. ನನಗೆ ತಿಳಿಯಲಿಲ್ಲ, ನೀವು ಏನೂ ಹಾಕಿಲ್ಲ ಅಂತ ನಿಮಗೇ ಗೊತ್ತಲ್ಲ ತಾಯಿ ಅಂದೆ, ಆಕಿಲ್ಲ ಅಂದಳು, ನಾನೇನೂ ಆಕ್ನಿಲ್ಲ, ಆದ್ರೂ ಎಲ್ರೂ ಅಂದ್ರಲ್ಲ, ನಂಗೆ ಗೊತ್ತಿಲ್ದಂಗೆ ಕೈಲೇ ಐತೇನೋ ಅಂದ್ಕಂಡಿದ್ದೆ. ರೋಷವಲ್ಲ, ಅದು ರೋಷವಲ್ಲ, ಏಳು ತಿಂಗಳು ಮಗುವಿಗೆ ತುತ್ತಿಡದೆ, ಅಪ್ಪನ ಕೈಗೆ ನೀರು ಕೊಡದೆ, ಆ ಹುಳಿ ಉಂಡು ಸಾಯುತ್ತೇನೆ ಅಂತ ಗೊತ್ತಿದ್ದೇ ಇವಳು ಆ ಊರಿಗೆ ಹೊರಟಿದ್ದಳು, ಮಗೀಗೆ ಉಣಿಸ್ಬೋದಾ ಅನ್ನುತ್ತಿದ್ದಾಳೆ, ಏಳಿ ಸಾಬಣ್ಣ, ಉಣಿಸಿದ್ರೆ ಏನೂ ಆಗಾಕಿಲ್ವಾ, ರೈಲು ನಿಲ್ಲುತ್ತಿದೆ, ಕೃಷ್ಣರಾಜನಗರ ಕೃಷ್ಣರಾಜನಗರ ಅಂತ ಯಾರೋ ಕೂಗುತ್ತಿದ್ದಾರೆ, ದಾಸಯ್ಯ ನನ್ನ ತೋಳು ಹಿಡಿದಿದ್ದಾನೆ, ಇಳಿಯಬೇಕು, ಅವಳು ಏಳುತ್ತಿಲ್ಲ, ಸೆರಗಿನಿಂದ ಕೈ ಹೊರಗೆ ತೆಗೆದು ಮಂಕು ದೀಪಕ್ಕೆ ಹಿಡಿದಿದ್ದಾಳೆ, ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ, ಅಂಗೈ, ಮುಂಗೈ, ಅಂಗೈ —