ಉಡಿದಾರದ ಕೀ

ಅಜ್ಮತುಲ್ಲಾ ಬಾಡಿಗೆಗೆ ಕೊಡುವ ಬೂಮ್ ಲಿಫ್ಟು, ಎಂದರೆ ಆಳನ್ನು ಬುಟ್ಟಿಯಲ್ಲಿ ನಿಲ್ಲಿಸಿ ಮೇಲೆತ್ತುವ ಯಂತ್ರ, ಅರವತ್ತಡಿ ಎತ್ತರಕ್ಕೆ ಏಳುತ್ತದೆ. ಆದರೆ ಅವನು ಮಾತ್ರ ಅದರ ಬುಟ್ಟಿಯೊಳಗೆ ಒಂದು ದಿನವೂ ಕಾಲಿಟ್ಟವನಲ್ಲ. "ಭಾಯ್‌ಗೆ ಏಣಿ ಹತ್ತೋಕೇ ನಡುಕ, ಮಾಡೋದು ನೋಡು ಎಂಥಾ ವ್ಯಾಪಾರ!" ಎಂದು ಮಾಲೂರಿನವರು ನಗುತ್ತಿದ್ದರು. ನಗಲಿ ಬಿಡಿ. ಹತ್ತುವುದಕ್ಕೆ ವೆಂಕಟ್ ಇದ್ದನಲ್ಲ! ಹುತ್ತೂರಿನವನು, ಎರಡು ಮಕ್ಕಳ ತಂದೆ, ಅಷ್ಟು ದೊಡ್ಡ ಯಂತ್ರವನ್ನು ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯವಾಗಿ ನಡೆಸುವವನು.

ಆ ಯಂತ್ರದ ಕೀ ಕೆಳಗಿನ ಪೆಟ್ಟಿಗೆಯಲ್ಲೇ ಇರಬೇಕು. ಮೇಲಿರುವವನಿಗೆ ಏನಾದರೂ ಆದರೆ, ನೆಲದಲ್ಲಿ ನಿಂತವರು ಕೀ ತಿರುಗಿಸಿ ಅವನನ್ನು ಇಳಿಸಬೇಕು. ಮಾರಿದವರು ಇದನ್ನು ಹತ್ತು ಸಲ ಹೇಳಿದ್ದರು. ಆದರೆ ಹೋದ ವರ್ಷ ಒಂದು ಕಾರ್ಖಾನೆಯಲ್ಲಿ ಊಟದ ಹೊತ್ತಿಗೆ ಯಾರೋ ಪುಂಡರು ಕೀ ತಿರುಗಿಸಿ ಆಟ ಆಡಲು ಹೋಗಿ, ಬುಟ್ಟಿಯನ್ನು ಗೋಡೆಗೆ ಗುದ್ದಿ ಸೊಟ್ಟ ಮಾಡಿದ್ದರು. ಅವತ್ತು ಅಜ್ಮತುಲ್ಲಾಗೆ ಪಿತ್ತ ನೆತ್ತಿಗೇರಿತು. "ಇವತ್ತಿಂದ ಕೀ ನಿನ್ನ ಉಡಿದಾರದಲ್ಲಿರ್ಲಿ ಕಣೋ. ನೀನು ಮೇಲೋದ್ರೂ ಅಷ್ಟೆ, ಯಾರ ಕೈಗೂ ಕೊಡ್ಬೇಡ" ಎಂದುಬಿಟ್ಟ. ಬೀಗ ಸವೆದ ಹಳೆಯ ಯಂತ್ರ, ಓಡುತ್ತಿರುವಾಗಲೂ ಕೀ ಹೊರಗೆ ಬರುತ್ತಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ, ಆ ಥರ. ವೆಂಕಟ್ ಸೊಂಟದ ಕರಿದಾರಕ್ಕೆ ಕೀ ಪೋಣಿಸಿ ಗಂಟು ಹಾಕಿಕೊಂಡ.

ಮಾವು ಹೂ ಬಿಟ್ಟ ಕಾಲ. ಗೌನಿಪಲ್ಲಿಯ ಹತ್ತಿರ ಮಾವಿನ ಹಣ್ಣಿನ ರಸ ತೆಗೆಯುವ ಕಾರ್ಖಾನೆಯೊಂದರಲ್ಲಿ ಚಾವಣಿಯಂಚಿನ ತಗಡು ಬದಲಿಸುವ ಕೆಲಸ. ಎಡಗಡೆ ಕರೆಂಟಿನ ದೊಡ್ಡ ಲೈನು, ಬಲಗಡೆ ನೀರಿನ ಟ್ಯಾಂಕು, ಟ್ಯಾಂಕಿನ ಅಡಿಯಲ್ಲಿ ಮೊರದಗಲ ಹೆಜ್ಜೇನು.

"ಅದೇನೂ ಮಾಡಲ್ಲ ಸಾಬ್ರೇ. ಮೂರು ತಿಂಗಳಿಂದ ಅಲ್ಲೇ ಐತೆ" ಎಂದ ವಾಚ್‌ಮನ್ ಸೊಣ್ಣಪ್ಪ.

ಮೂರು ತಿಂಗಳಿಂದ ಅದರ ಮೂಗಿಗೆ ಯಾರೂ ಡೀಸೆಲ್ ಹೊಗೆ ಬಿಟ್ಟಿರಲಿಲ್ಲ. ಬುಟ್ಟಿ ಮೇಲೇರಿ ಕಾಲು ಗಂಟೆಯಾಗಿತ್ತೋ ಇಲ್ಲವೋ, ಟ್ಯಾಂಕಿನ ಅಡಿಯ ಕಪ್ಪು ಅಲುಗಿತು. ಆಮೇಲೆ ಅದು ಅಲ್ಲಿರಲೇ ಇಲ್ಲ. ಎಲ್ಲಾ ಹುಳು ವೆಂಕಟ್‌ನ ಮೈಮೇಲಿತ್ತು.

"ಭಾಯ್! ಅಯ್ಯೋ ಭಾಯ್!"

ಆ ಕೂಗಿಗೆ ಅಜ್ಮತುಲ್ಲಾ ಮಾಡಿದ್ದೇನು ಗೊತ್ತೇ? ಓಡಿದ. ಯಂತ್ರದ ಕಡೆಗಲ್ಲ, ವಾಚ್‌ಮನ್ ಕೋಣೆಗೆ. ಸೊಣ್ಣಪ್ಪ ಬಾಗಿಲು ಹಾಕಿದ. ಕಿಟಕಿಯ ಗಾಜಿನಾಚೆ, ನಲವತ್ತಡಿ ಮೇಲೆ, ವೆಂಕಟ್ ಮುಖ ಬಡಿದುಕೊಳ್ಳುತ್ತಿದ್ದುದು ಕಾಣುತ್ತಿತ್ತು.

"ಕೆಳಗಿಂದ ಇಳಿಸೋಕೆ ಬರಲ್ವಾ ಸಾಬ್ರೇ?"

"ಬರ್ತದೆ."

"ಮತ್ತೆ ಇಳಿಸ್ರೀ!"

"ಕೀ ಅವನತ್ರ ಐತೆ."

ಇನ್ನೊಂದು ಕೀ ಮಾಲೂರಿನ ಮನೆಯ ಬೀರುವಿನಲ್ಲಿತ್ತು. ಅಗ್ನಿಶಾಮಕದವರಿಗೆ ಫೋನು ಮಾಡಿದರೆ ಅರ್ಧ ಗಂಟೆ ಎಂದರು. ಅರ್ಧ ಗಂಟೆಗೆ ಅಲ್ಲಿ ಹೆಣವಿರುತ್ತದೆ ಎಂದು ಅಜ್ಮತುಲ್ಲಾಗೆ ಖಾತ್ರಿಯಾಯಿತು. ಯಾ ಅಲ್ಲಾ ಎಂದವನೇ ಸೊಣ್ಣಪ್ಪನ ಕಂಬಳಿ ಹೊದ್ದು ಹೊರಗೆ ಬಿದ್ದ. ಮೊದಲ ಹುಳು ಕಿವಿಗೇ ಕಚ್ಚಿತು.

"ಲೇ ವೆಂಕಟ್! ಕೀ ಬಿಸಾಕೋ!"

ವೆಂಕಟ್ ಸೊಂಟ ತಡಕಿದ. ಉಡಿದಾರದ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಸೇಫ್ಟಿ ಬೆಲ್ಟು. ಅವನು ಬೆಲ್ಟಿನ ಕೊಂಡಿಗೆ ಕೈ ಹಾಕಿದ್ದೇ ತಡ, ಅಜ್ಮತುಲ್ಲಾಗೆ ಜೀವವೇ ಬಾಯಿಗೆ ಬಂತು. ಬೆಲ್ಟು ಬಿಚ್ಚಿದರೆ ಇವನು ಕೆಳಗೆ ಹಾರಿಯೇಬಿಡುತ್ತಾನೆ.

"ಬಿಚ್ಬೇಡ! ಬೆಲ್ಟು ಬಿಚ್ಬೇಡ! ನೀನೇ ಇಳಿಸ್ಕೋ!"

"ಕಣ್ಣು ಕಾಣ್ತಿಲ್ಲ ಭಾಯ್!"

"ನಾನು ಹೇಳ್ತೀನಿ. ಪೆಡಲ್ ಮೇಲೆ ಕಾಲಿಡು. ಬಲಗಡೆ ಹಿಡಿ ಹಿಡ್ಕೋ. ಬಲಗಡೇದು ಕಣೋ, ಎಡಗಡೇದು ಮುಟ್ಬೇಡ!"

ಎಡಗಡೆ ಹಿಡಿಗೆ ಕೈ ತಗುಲಿದರೆ ಬುಟ್ಟಿ ತಿರುಗಿ ಸೀದಾ ಕರೆಂಟಿನ ಲೈನಿಗೆ ಹೋಗುತ್ತದೆ. ವೆಂಕಟ್‌ನ ಕೈ ಗಾಳಿಯಲ್ಲಿ ಹುಡುಕಾಡಿ ಒಂದು ಹಿಡಿಯ ಮೇಲೆ ಕೂತಿತು. ಬುಟ್ಟಿ ಜರ್ರೆಂದು ಎಡಕ್ಕೆ ತಿರುಗಿತು.

"ಅದಲ್ಲ! ಬಿಡು, ಬಿಡು!"

ನಿಂತಿತು. ಲೈನಿಗೂ ಬುಟ್ಟಿಗೂ ಮಧ್ಯೆ ಎರಡಾಳುದ್ದ ಜಾಗವಿತ್ತೋ ಇಲ್ಲವೋ. ಅಜ್ಮತುಲ್ಲಾನ ಪೈಜಾಮ ಒದ್ದೆಯಾಗಿತ್ತು, ಅದು ಅವನಿಗೆ ಆಮೇಲೆ ಗೊತ್ತಾದದ್ದು. ಮುಖದ ತುಂಬಾ ಹುಳು. ಕಂಬಳಿ ಹೊದ್ದರೆ ಮೇಲೆ ಕಾಣುವುದಿಲ್ಲವೆಂದು ಅದನ್ನೂ ಕಿತ್ತೆಸೆದ.

"ವೆಂಕಟ್, ನನ್ ದನಿ ಕೇಳು. ಬಲಗೈ ಮುಂದಕ್ಕೆ ಚಾಚು. ಹಾ, ಅದೇ. ನಿನ್ನ ಕಡೆ ಎಳ್ಕೋ. ಮೆತ್ತಗೆ."

ಬುಟ್ಟಿ ಇಳಿಯತೊಡಗಿತು. ಇಷ್ಟಿಷ್ಟೇ, ಇಷ್ಟಿಷ್ಟೇ. ವೆಂಕಟ್ ಎರಡು ಸಲ ಕುಸಿದ, ಎರಡು ಸಲವೂ ಅಜ್ಮತುಲ್ಲಾ ಅವನ ಅಪ್ಪನ ಹೆಸರು, ಮಕ್ಕಳ ಹೆಸರು ಹಿಡಿದು ಬೈದು ಎಬ್ಬಿಸಿದ. ಬುಟ್ಟಿ ನೆಲ ಮುಟ್ಟಿದಾಗ ಅದರೊಳಗೆ ಇದ್ದ ಮುಖದಲ್ಲಿ ಕಣ್ಣು ಯಾವುದು ಬಾಯಿ ಯಾವುದು ತಿಳಿಯುತ್ತಿರಲಿಲ್ಲ.

ಶ್ರೀನಿವಾಸಪುರದ ಆಸ್ಪತ್ರೆಯಲ್ಲಿ ಡಾಕ್ಟರು ಮುನ್ನೂರು ಮುಳ್ಳು ಎಣಿಸಿ ಆಮೇಲೆ ಎಣಿಸುವುದನ್ನೇ ಬಿಟ್ಟರು. "ಉಸಿರಾಡ್ತಿದ್ದಾರೆ. ನಾಳೆವರೆಗೂ ಏನೂ ಹೇಳೋಕಾಗಲ್ಲ. ಒಂದ್ ಹತ್ತು ನಿಮಿಷ ಮುಂಚೆ ಇಳಿಸಿದ್ರೆ ಇಷ್ಟು ಯೋಚನೆ ಇರ್ತಿರ್ಲಿಲ್ಲ" ಎಂದರು.

ಸಂಜೆಗೆ ವೆಂಕಟ್‌ನ ತಾಯಿ ಮುನಿಯಲ್ಲಮ್ಮ ಬಂದಳು. ಅಜ್ಮತುಲ್ಲಾನ ಊದಿದ ಮುಖ ನೋಡಿದವಳೇ ಅವನ ಎರಡೂ ಕೈ ಹಿಡಿದುಕೊಂಡು ಕಣ್ಣಿಗೊತ್ತಿಕೊಂಡಳು.

"ನಿಮ್ಮ ಮಕ್ಕಳು ತಣ್ಣಗಿರ್ಲಿ ಸಾಬ್ರೇ. ಜೇನಿಗೆ ಮೈ ಕೊಟ್ಟು ನನ್ನ ಮಗನ್ನ ಇಳಿಸಿದ್ರಂತೆ. ನಮ್ಮ ಪಾಲಿಗೆ ದೇವ್ರು ನೀವು."

ಸುಮ್ಮನಿದ್ದರೆ ಆಗುತ್ತಿತ್ತು. ಸೊಣ್ಣಪ್ಪನೇನು ಬಾಯಿ ಬಿಡುವವನಲ್ಲ. ಆದರೆ ಆ ಒರಟು ಕೈ ಅಜ್ಮತುಲ್ಲಾನ ಕೈ ಹಿಡಿದೇ ಇತ್ತು. ಮಧ್ಯಾಹ್ನದ ಹುಳುವಿಗಿಂತ ಈ ಮುದುಕಿಗೆ ಅವನು ಹೆಚ್ಚು ಹೆದರಿದ.

"ಅಮ್ಮಾ, ಕೀ ಕೆಳಗಿದ್ದಿದ್ರೆ ಎರಡೇ ನಿಮಿಷದಲ್ಲಿ ಇಳಿಸ್ತಿದ್ದೆ. ಸೊಂಟಕ್ಕೆ ಕಟ್ಕೋ ಅಂದವನು ನಾನೇ. ನನ್ನ ಮಾತಿಂದಲೇ ಅವನು ಅಷ್ಟೊತ್ತು ಮೇಲಿದ್ದ."



"ಸ್ನಾನಕ್ಕೋದ್ರೂ ಆ ಕೀ ಬಿಚ್ತಿರ್ಲಿಲ್ಲ ನನ್ ಮಗ" ಎಂದಳು ಮುನಿಯಲ್ಲಮ್ಮ. "ಭಾಯ್ ನನ್ನ ನಂಬಿ ಕೊಟ್ಟವ್ರೆ ಕಣಮ್ಮಾ ಅನ್ನೋನು."

ಆಮೇಲೆ ಅವನ ಕೈ ಬಿಟ್ಟು, ಹೋಗಿ ವಾರ್ಡಿನ ಬಾಗಿಲ ಬಳಿ ನೆಲದ ಮೇಲೆ ಕೂತಳು.