ಎಡೆ ಮುಟ್ಟದ ಹಕ್ಕಿ

ನಾಲ್ಕು ವರ್ಷ ಭಾನುವಾರದ ನಿದ್ದೆ ಕೆಟ್ಟು, ದೋಣಿಯಲ್ಲಿ ವಾಂತಿ ಮಾಡಿಕೊಂಡು ಸರಳಾ ಹುಡುಕಿದ್ದ ಹಕ್ಕಿ, ಅವಳು ರಜೆ ಹಾಕಿ ವಡೆ ಕರಿಯುತ್ತಿದ್ದ ದಿನವೇ ಬ್ಯೂನಾ ವಿಸ್ಟಾ ಬಡಾವಣೆಯ ಹದಿನಾಲ್ಕನೇ ಮಹಡಿಯ ಅವಳ ಮನೆಯ ಬಾಲ್ಕನಿಗೆ ಬಂದು ಬಿತ್ತು. ಮಸಿಗಪ್ಪು ಸ್ಟಾರ್ಮ್ ಪೆಟ್ರೆಲ್ ಎಂಬ ಕಡಲಹಕ್ಕಿ. ಜಪಾನಿನ ದಕ್ಷಿಣಕ್ಕೆ, ನಡುಗಡಲಿನ ಒಂದೆರಡು ಜ್ವಾಲಾಮುಖಿ ದ್ವೀಪ ಬಿಟ್ಟರೆ ಇನ್ನೆಲ್ಲೂ ಮೊಟ್ಟೆಯಿಡದ ಜೀವ. ನೋಡಿದ ಹಕ್ಕಿಗಳಿಗೆ ಗುರುತು ಹಾಕುವ ಅವಳ ಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಖಾಲಿ ಜಾಗ. ಕಣ್ಣಾರೆ ಕಾಣದ್ದನ್ನು ಅವಳು ಬರೆದವಳಲ್ಲ.

ಬಿದ್ದದ್ದಾದರೂ ಎಲ್ಲಿ? ಮಾವ ದತ್ತಾತ್ರೇಯ ತಮ್ಮ ತಾಯಿಯ ತಿಥಿಗೆ ಇಟ್ಟಿದ್ದ ಎಡೆಯ ಪಕ್ಕದಲ್ಲೇ. ಕಾಗೆಗೆ ಅನ್ನ ಹಾಕಿದರೆ ದಂಡ ಬೀಳುವ ಪರದೇಶದ ಊರಿನಲ್ಲಿ, ಕಾಗೆ ಮುಟ್ಟುವ ತನಕ ಮನೆಯಲ್ಲಿ ಯಾರೂ ತುತ್ತೆತ್ತಬಾರದೆಂದು ಹಟ ಹಿಡಿದು ಕೂತಿದ್ದ ಮಾವ, ಕಪ್ಪು ರೆಕ್ಕೆ ಕಂಡದ್ದೇ ಕೈಮುಗಿದರು.

ಸರಳಾ ಹಕ್ಕಿಯನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ಬಚ್ಚಲುಮನೆಯ ಕತ್ತಲೆಗೆ ಸೇರಿಸಿದಳು. ಐದಕ್ಕೆ ಬಂದು ಒಯ್ಯುತ್ತೇವೆ, ಅಲ್ಲಿಯವರೆಗೆ ಅನ್ನ, ನೀರು ಏನೂ ಬೇಡ, ಮುಚ್ಚಳ ತೆಗೆಯಬೇಡಿ ಎಂದರು ಹಕ್ಕಿ ರಕ್ಷಣೆಯವರು ಫೋನಿನಲ್ಲಿ. ಅದನ್ನೇ ಅವಳು ಮಾವನಿಗೆ ಮೂರು ಸಲ ಹೇಳಿದಳು. ದೇವರು ವರ ಕೊಟ್ಟರೂ ಪೂಜಾರಿ ಕೊಡ. ಅವಳು ಒಲೆ ಆರಿಸಿ ಬರುವಷ್ಟರಲ್ಲಿ ಮಾವ ಡಬ್ಬಿ ತೆರೆದು ಮೊಸರನ್ನ ಹಿಡಿದಿದ್ದರು. ಹೆದರಿದ ಹಕ್ಕಿ ಕಿತ್ತಳೆ ಬಣ್ಣದ ಎಣ್ಣೆಯನ್ನು ಅವರ ಮಡಿಪಂಚೆಯ ಮೇಲೆ ಕಕ್ಕಿತು. ಮನೆಯೆಲ್ಲ ಕೊಳೆತ ಮೀನಿನ ನಾತ.

ಸರಳಾಗೆ ಮೈ ಪರಚಿಕೊಳ್ಳುವಂತಾಯಿತು. "ಮಾವ, ಅದು ಹೊಟ್ಟೇಲಿ ಕೂಡಿಟ್ಟುಕೊಂಡಿದ್ದ ಊಟ. ಅದನ್ನೂ ಕಕ್ಕಿಸಿಬಿಟ್ರಿ."

ಮಾವ ಒದ್ದೆ ನೆಲದ ಮೇಲೇ ಕುಸಿದು ಕೂತರು. "ನಮ್ಮಮ್ಮ ನಮಗೆಲ್ಲ ಬಡಿಸಿ ಕೊನೇಲಿ ಕೂರೋಳು. ಉಂಡ್ಲೋ ಇಲ್ವೋ, ನಾನು ಒಂದಿನಾನೂ ಕೇಳ್ಲಿಲ್ಲ ಕಣಮ್ಮ."

ಸರಳಾಳ ಸಿಟ್ಟು ಇಳಿಯಲಿಲ್ಲ. ಹಸಿವೆಯೂ ಸೇರಿ ಇನ್ನಷ್ಟು ಉರಿಯಿತು. ಅದನ್ನು ಯಾರ ಮೇಲೆ ತೋರಿಸುವುದೆಂದು ಮಾತ್ರ ತಿಳಿಯಲಿಲ್ಲ.

ಐದಕ್ಕೆ ಬರಬೇಕಿದ್ದ ವ್ಯಾನು ಆರಕ್ಕೆ ಬಂತು. ಸರಳಾಳ ಹಿಂದೆಯೇ, ಬೇಡವೆಂದರೂ ಮಾವ ಹತ್ತಿ ಕೂತರು. ಪಾಸಿರ್ ರಿಸ್ ಕಡಲಂಚಿನಲ್ಲಿ ಬೆಳಕು ಮಾಸುವಾಗ ರಕ್ಷಣೆಯ ಹುಡುಗಿ ಹಕ್ಕಿಯನ್ನು ಗಾಳಿಗೆ ಎತ್ತಿದಳು. ಅದು ಒಮ್ಮೆ ಮುಗ್ಗರಿಸಿ, ನೀರಿಗೆ ತಾಗಿದಂತೆಯೇ ಹಾರಿ ಕಾಣದಾಯಿತು. ಬರಿ ಹೊಟ್ಟೆಯಲ್ಲಿ ಬದುಕುತ್ತದೆಯೇ ಎಂದು ಸರಳಾ ಕೇಳಿದಳು. ಹೇಳುವುದು ಕಷ್ಟ ಎಂದಳು ಹುಡುಗಿ.

ಬೆಳಗಿನಿಂದ ನೀರೂ ಮುಟ್ಟದ ಮಾವನ ತುಟಿ ಒಣಗಿತ್ತು. "ಅದು ಏನಾದ್ರೂ ತಿಂತೇನಮ್ಮಾ?"

ಸರಳಾ ಬೈನಾಕ್ಯುಲರ್ ಎತ್ತಿ, ಬರಿಯ ನೀರನ್ನು ಬಹಳ ಹೊತ್ತು ನೋಡಿದಳು.

"ತಿಂತಾ ಇದೆ ಮಾವ. ನೋಡ್ದೆ," ಎಂದಳು. "ಬನ್ನಿ, ಊಟ ಮಾಡೋಣ."